ಬಿಬವೇವಾಡಿಯ ಏರು ಮತ್ತು ಗಾಡಿಯ ಉಸಿರು

ಪುಣೆಗೆ ಬಂದು ಇಪ್ಪತ್ತು-ಮೂವತ್ತು ವರ್ಷಗಳಾದರೂ ನಮ್ಮ ಬಿಬವೇವಾಡಿಯ ಕಡೆ ಕಾಲಿಡದ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಿಗೆ ಪುಣೆಯೆಂದರೆ ಡೆಕ್ಕನ್, ಸದಾಶಿವ ಪೇಠೆ, ಕೋಥರೂಡ, ಹೆಚ್ಚೆಂದರೆ ಪಿಂಪರಿ-ಚಿಂಚವಡ. ನೀವೂ ಆ ಪೈಕಿಯವರೇ ಆಗಿದ್ದರೆ ಇಂದು ನನ್ನೊಡನೆ ಬನ್ನಿ. ಸ್ವಾರಗೇಟಿನಿಂದ ಸಾತಾರಾ ರಸ್ತೆ ಹಿಡಿದು ಸ್ವಲ್ಪ ದೂರ ಬಂದು ಎಡಕ್ಕೆ ಹೊರಳಿದರೆ ನಮ್ಮ ಬಡಾವಣೆ. ಒಂದು ಮಗ್ಗುಲಿಗೆ ಮಾರ್ಕೆಟ್ ಯಾರ್ಡ್, ಇನ್ನೊಂದು ಮಗ್ಗುಲಿಗೆ ಪದ್ಮಾವತಿ, ಬೆನ್ನ ಹಿಂದೆ ಗುಡ್ಡ. ಬೆಳಗಿನ ಜಾವ ಮಾರ್ಕೆಟ್ ಯಾರ್ಡಿಗೆ ಈರುಳ್ಳಿ, ಸೊಪ್ಪು ಹೊತ್ತು ಬರುವ ಟೆಂಪೋಗಳ ಸದ್ದೇ ನಮಗೆ ಸುಪ್ರಭಾತ.

ಇಲ್ಲಿಯ ರಸ್ತೆಗಳಿಗೆ ಸಪಾಟಾಗಿರುವುದು ಗೊತ್ತಿಲ್ಲ. ‘ಲೋಅರ್’ ಇಂದಿರಾನಗರದಿಂದ ‘ಅಪ್ಪರ್’ ಇಂದಿರಾನಗರಕ್ಕೆ ಹೋಗಬೇಕೆಂದರೆ ಹೆಸರೇ ಹೇಳುವಂತೆ ಏರಬೇಕು. ಏರುವವರೆಲ್ಲ ಎರಡನೇ ಗೇರಿಗೆ ಬರುತ್ತಾರೆ, ಎಕ್ಸಿಲರೇಟರ್ ಹಿಂಡುತ್ತಾರೆ. 1983ರಲ್ಲಿ ಆರಂಭವಾದ ವಿಶ್ವಕರ್ಮ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇರುವುದರಿಂದ ಗಾಡಿಗಳಿಗೂ ಹುಡುಗರಿಗೂ ಬರವಿಲ್ಲ. ಜೊತೆಗೆ ಇ.ಎಸ್.ಐ. ಆಸ್ಪತ್ರೆಯಿದೆ, ಹತ್ತಾರು ಶಾಲೆಗಳಿವೆ, ಬಾಲ್ಕನಿಗೆ ಬಾಲ್ಕನಿ ತಾಗಿಕೊಂಡ ಸೊಸಾಯಿಟಿಗಳಿವೆ. ಒಂದು ಮನೆಯ ಕುಕ್ಕರಿನ ಸೀಟಿ ಇನ್ನೊಂದು ಮನೆಯವರು ಎಣಿಸುವಷ್ಟು ಹತ್ತಿರ. ಇಂಥ ಊರಲ್ಲಿ ಒಂದು ಮೋಟರ್ ಸೈಕಲ್ಲಿನ ಸೈಲೆನ್ಸರ್ ಬದಲಾದರೆ ಅದು ಒಂದು ಮನೆಯ ವಿಷಯವಾಗಿ ಉಳಿಯುವುದಿಲ್ಲ.

ನಮ್ಮ ಮನೆಯ ಫಟಫಟಿ ಥಂಡರ್‌ಬರ್ಡ್. ರಾಯಲ್ ಎನ್‌ಫೀಲ್ಡ್ ಕಂಪನಿ 2002ರಲ್ಲಿ ಹೊರತಂದ, ಹ್ಯಾಂಡಲ್ ಎತ್ತರದ, ಒರಗಿ ಕೂತು ದೂರ ಹೋಗಲು ಹೇಳಿಮಾಡಿಸಿದ ಗಾಡಿ. ಇಂಥದಕ್ಕೆ ‘ಕ್ರೂಸರ್’ ಎನ್ನುತ್ತಾರೆ. ನಮ್ಮವರು 2006ರಲ್ಲಿ ಕೊಂಡರು. ಅದರ ಮೇಲೆಯೇ ಕಾತ್ರಜ ಘಾಟು ಏರಿ, ಖಂಬಾಟಕಿ ದಾಟಿ, ಸಾತಾರಾ, ಕರಾಡ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ ಹಾದು ನಾನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಕ್ರಮಿಸಿ ಧಾರವಾಡಕ್ಕೆ ಹೋಗಿ ಬಂದಿದ್ದಾರೆ. ಈಗ ಮೊಣಕಾಲು ನೋವು. ಗಾಡಿಯ ಕೀಲಿಕೈ ಮಗನ ಕೈಗೆ ಹೋಗಿದೆ.

ಕೀಲಿಕೈ ಕೈಗೆ ಬಂದ ಮೇಲೆ ಮಗನಿಗೆ ಗಾಡಿಯಲ್ಲಿ ದೋಷಗಳು ಕಾಣತೊಡಗಿದವು. “ಏರಿಗೆ ಎಳಿಯೂದಿಲ್ಲಮ್ಮಾ. ಎಕ್ಸಾಸ್ಟು, ಏರ್ ಫಿಲ್ಟರು ಎರಡೂ ಬದಲಿಸಬೇಕು. ಗಾಡಿ ಸರಿಯಾಗಿ ಉಸಿರಾಡಬೇಕು” ಎಂದ. ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡ ನನಗೆ ‘ಎಕ್ಸಾಸ್ಟ್’ ಎಂದರೆ ದಣಿವು ಎಂದಷ್ಟೇ ಗೊತ್ತು. ಅದು ಬದಲಿಸುವಂತಿದ್ದರೆ ಮೊದಲು ನನ್ನದನ್ನೇ ಬದಲಿಸಿಕೊಳ್ಳುತ್ತಿದ್ದೆ! ಆದರೆ ವಿಷಯ ನಗೆಯದಾಗಿರಲಿಲ್ಲ. ನಮ್ಮ ಕೆಳಗಿನ ಮನೆಯ ಆಜಿ ಹೃದಯಾಘಾತವಾಗಿ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ಅವರ ಮಲಗುವ ಕೋಣೆಯ ಕಿಟಕಿ ಇರುವುದು ಗಾಡಿ ನಿಲ್ಲಿಸುವ ಜಾಗಕ್ಕೇ. ನನ್ನ ಮಗ ಚಿಕ್ಕವನಿದ್ದಾಗ ಮಧ್ಯಾಹ್ನವೆಲ್ಲ ಆ ಕೋಣೆಯಲ್ಲೇ ಮಲಗಿ ಬೆಳೆದವನು. ಇತ್ತ ಮಗನೂ ತಪ್ಪೇನು ಕೇಳಿರಲಿಲ್ಲ. ಒಂದು ವರ್ಷದಿಂದ ತನ್ನ ಸಂಬಳದಲ್ಲಿ ದುಡ್ಡು ಕೂಡಿಟ್ಟಿದ್ದ. “ಬೇಡ” ಎಂದು ಒಂದೇ ಮಾತಿನಲ್ಲಿ ಹೇಳಿದರೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಅದಕ್ಕೆ “ನಡಿ, ನಾನೂ ಬರತೀನಿ” ಎಂದು ಗ್ಯಾರೇಜಿಗೆ ಹೊರಟೆ.

ಗ್ಯಾರೇಜಿನ ಮೇಸ್ತ್ರಿ ಅಕ್ಕಲಕೋಟೆಯ ಕಡೆಯವರು. ನಾನು ಮರಾಠಿಯಲ್ಲಿ ಆರಂಭಿಸಿದ್ದನ್ನು ಅವರು ಕನ್ನಡದಲ್ಲಿ ಮುಗಿಸಿದರು. “ನೋಡ್ರಿ ಅಕ್ಕಾರ, ಗಾಡಿ ಅಂದ್ರ ಮನಷ್ಯಾ ಇದ್ದಂಗ. ಗಾಳಿ ಅಂದ್ರ ಉಸಿರು, ಪೆಟ್ರೋಲ್ ಅಂದ್ರ ಊಟ. ಮೂಗು ದೊಡ್ಡದು ಮಾಡಿ ಊಟ ಅಷ್ಟೇ ಇಟ್ರ ಸೊರಗ್ತದ” ಎಂದರು. ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಗಾಳಿ ಫಿಲ್ಟರಿನ ಮೂಲಕ ಒಳಗೆ ಬಂದು, ಕಾರ್ಬುರೇಟರಿನಲ್ಲಿ ಪೆಟ್ರೋಲಿನೊಡನೆ ಬೆರೆತು, ಸಿಲಿಂಡರಿನಲ್ಲಿ ಉರಿದು, ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಕಂಪನಿಯ ಕಾಗದದ ಫಿಲ್ಟರ್ ತೆಗೆದು ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚು ಬರುತ್ತದೆ. ಆದರೆ ಕಾರ್ಬುರೇಟರಿನೊಳಗಿನ ‘ಜೆಟ್’ ಎಂಬ ಸಣ್ಣ ತೂತಿನ ಪಿತ್ತಾಳೆಯ ತುಣುಕು ಮೊದಲಿನದೇ ಇದ್ದರೆ ಪೆಟ್ರೋಲ್ ಸಾಲುವುದಿಲ್ಲ. ಎಂಜಿನ್ ಕಾಯುತ್ತದೆ, ಎಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ. ಹುಡುಗರು ಅದನ್ನೇ ಗಾಡಿಯ ಗತ್ತು ಎಂದುಕೊಳ್ಳುತ್ತಾರೆ, ನಿಜವಾಗಿ ಅದು ಗಾಡಿಯ ಕೆಮ್ಮು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ರೋಗ ಗೊತ್ತಾಗುತ್ತದಂತೆ: ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಮಸಿಯಂತೆ ಕಪ್ಪಗಿದ್ದರೆ ಹೆಚ್ಚು, ಬಿಸ್ಕೀಟಿನ ಬಣ್ಣವಿದ್ದರೆ ಹದ. ನಮ್ಮ ಒಗ್ಗರಣೆಯ ಸಾಸಿವೆಯ ಹಾಗೆ!

ಸೈಲೆನ್ಸರಿನದೂ ಹಾಗೆಯೇ. ಒಳಗಿರುವ ತೂತಿನ ತಗಡುಗಳು ಸದ್ದನ್ನು ನುಂಗುತ್ತವೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಒಂದು ಬಡಿತ ಹೊರಗೆ ಓಡುವಾಗ ಅದರ ಹಿಂದೆ ಉಂಟಾಗುವ ತೆರವು ಉಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಕೊಳವೆಯ ಉದ್ದ, ಅಗಲಗಳ ಲೆಕ್ಕ ಇದಕ್ಕೇ. ಲೆಕ್ಕವಿಲ್ಲದೆ ಅಗಲ ಕೊಳವೆ ಹಾಕಿದರೆ ಸದ್ದು ಹೆಚ್ಚುತ್ತದೆ, ನಿಧಾನ ವೇಗದ ಎಳೆತ ಮಾತ್ರ ಕುಗ್ಗುತ್ತದೆ. ನಮ್ಮ ಅಪ್ಪರಿನ ಏರಿಗೆ ಬೇಕಾದದ್ದು ಆ ಎಳೆತವೇ ಅಲ್ಲವೆ? ಎಲ್ಲ ಸರಿಯಾಗಿ ಮಾಡಿದರೂ ಹೆಚ್ಚುವುದು ಒಂದೆರಡು ಕುದುರೆಶಕ್ತಿ, ಅಷ್ಟೇ ಎಂದರು ಮೇಸ್ತ್ರಿ. ಸಾಲದ್ದಕ್ಕೆ ಬಯಲಾಗಿ ಕೂತ ಫಿಲ್ಟರಿಗೆ ಮಳೆಗಾಲದ ನೀರು, ಬೇಸಿಗೆಯ ಧೂಳು ಎರಡರ ಕಾಟ. ಧೂಳು ಒಳಗೆ ಹೊಕ್ಕರೆ ಪಿಸ್ಟನ್ನಿನ ರಿಂಗು ಸವೆಯುತ್ತದೆ.

2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂದ ಮೇಲಿನ ಗಾಡಿಗಳ ಕಥೆಯೇ ಬೇರೆ. ಅವುಗಳಲ್ಲಿ ಪೆಟ್ರೋಲನ್ನು ಅಳೆದು ಕೊಡುವುದು ಕಂಪ್ಯೂಟರ್. ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಕ್ಸಾಸ್ಟಿನಲ್ಲೇ ಇರುತ್ತದೆ. ಅದನ್ನು ಕಿತ್ತು ಬೇರೆ ಕೊಳವೆ ಹಾಕಿದರೆ ಸದ್ದಿನ ಜೊತೆ ವಿಷವೂ ಹೊರಗೆ ಬರುತ್ತದೆ.

ಮೇಸ್ತ್ರಿಯ ಮಾತು ಕೇಳುತ್ತ ನನಗೆ ನಮ್ಮ ಸೋದರಮಾವನ ಜಾವಾ ನೆನಪಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲೂ ಗಾಡಿ ತಯಾರಿಸಿ, 1996ರಲ್ಲಿ ಮುಚ್ಚಿತು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಒಳಗೆ ಎಣ್ಣೆಯ ಮಸಿ ಕಟ್ಟುತ್ತಿತ್ತು. ಒಳಗಿನ ಕೊಳವೆಯನ್ನು ಎಳೆದು ತೆಗೆದು ಸುಟ್ಟು ಸ್ವಚ್ಛ ಮಾಡಬೇಕಿತ್ತು. ಕೆಲವು ಹುಡುಗರು ಅದನ್ನು ತಿರುಗಿ ಹಾಕುತ್ತಲೇ ಇರಲಿಲ್ಲ. ಓಣಿಯ ಹಿರಿಯರು ಆಗಲೂ ಬೈಯುತ್ತಿದ್ದರು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಹುಟ್ಟಿ ಬಂದಿವೆ. ಸದ್ದಿನ ಹುಚ್ಚಂತೂ ನಡುವೆ ಎಂದೂ ಸತ್ತಿರಲಿಲ್ಲ.

ಕಾನೂನನ್ನೂ ತಿಳಿದಿರುವುದು ಒಳ್ಳೆಯದು. 175 ಸಿ.ಸಿ. ಮೀರಿದ ಮೋಟರ್ ಸೈಕಲ್ ಕಾರ್ಖಾನೆಯಿಂದ ಹೊರಬರುವಾಗ 80 ಡೆಸಿಬಲ್ ದಾಟುವಂತಿಲ್ಲ. ಡೆಸಿಬಲ್ಲಿನ ಲೆಕ್ಕ ನಮ್ಮ ಕಿರಾಣಿ ಲೆಕ್ಕದಂತಲ್ಲ; ಹತ್ತು ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರ್ ನಿಶ್ಶಬ್ದ ವಲಯವಾದರೆ ಅಲ್ಲಿ ಹಗಲು 50, ರಾತ್ರಿ 40. ನಮ್ಮ ಬಿಬವೇವಾಡಿಯಲ್ಲಿ ಅಂಥ ನೂರು ಮೀಟರುಗಳು ಎಷ್ಟಿವೆ, ಎಣಿಸಿ ನೋಡಿ. 2019ರ ತಿದ್ದುಪಡಿಯ ನಂತರ ಸದ್ದು, ಹೊಗೆಯ ನಿಯಮ ಮೀರಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮೇಲೆ ಮೂರು ತಿಂಗಳು ಲೈಸೆನ್ಸೂ ಇಲ್ಲ. ಪೊಲೀಸರು ಜಪ್ತಿಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ರೋಡ್ ರೋಲರ್ ಹಾಯಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬೇಕು. ಹದಿನೈದು ವರ್ಷ ದಾಟಿದ ನಮ್ಮಂಥ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್.ಟಿ.ಓ. ತಪಾಸಣೆಯೂ ಇದೆ.

ಇಷ್ಟೆಲ್ಲ ಕೇಳಿಯೂ ಮಗ ಒಪ್ಪಲಿಲ್ಲ. ಹುಡುಗರು ಲೆಕ್ಕಕ್ಕೆ ಎಲ್ಲಿ ಸೋಲುತ್ತಾರೆ? ಒಮ್ಮೆ ಓಡಿಸಿ ನೋಡುತ್ತೇನೆಂದು, ಆಗಲೇ ಸೈಲೆನ್ಸರ್ ಬದಲಿಸಿದ್ದ ಗೆಳೆಯನ ಗಾಡಿಯನ್ನು ಒಂದು ಸಂಜೆಗೆ ಕೇಳಿ ತಂದ. ಕಾತ್ರಜ ಘಾಟಿಗೆ ಹೋದವನು ಮರಳಿ ಬರುವಾಗ ರಾತ್ರಿ ಹತ್ತು ದಾಟಿತ್ತು. ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ರಸ್ತೆಯ ಆ ತುದಿಯಿಂದಲೇ ಸದ್ದು ಕೇಳಿಸಿತು. ಒಂದು ಮನೆಯ ದೀಪ ಹತ್ತಿತು, ನಾಯಿಗಳು ಎದ್ದವು. ಸೊಸಾಯಿಟಿಯ ಗೇಟು ಬರುವ ಮೊದಲೇ ಸದ್ದು ನಿಂತಿತು. ಮಗ ಎಂಜಿನ್ ಆರಿಸಿ, ಅಷ್ಟು ಭಾರದ ಗಾಡಿಯನ್ನು ಬೆವರು ಸುರಿಸಿ ತಳ್ಳಿಕೊಂಡು ಬಂದು, ಆಜಿಯ ಕಿಟಕಿಯ ಕೆಳಗೆ ಮೆಲ್ಲಗೆ ಸ್ಟ್ಯಾಂಡ್ ಹಾಕಿದ. ನಾನು ಏನೂ ಕೇಳಲಿಲ್ಲ, ತಾಟು ಹಾಕಿದೆ. ಊಟದ ನಡುವೆ ತಾನೇ ಹೇಳಿದ: “ದಿನಾ ಹಿಂಗ ತಳ್ಳಲಿಕ್ಕೆ ಆಗೂದಿಲ್ಲ ಬಿಡಮ್ಮಾ.”

ಮರುವಾರ ಮೇಸ್ತ್ರಿ ಗಾಡಿ ಬಿಚ್ಚಿದರು. ಫಿಲ್ಟರಿನ ಕಾಗದ ಧೂಳಿನಿಂದ ಕಪ್ಪಾಗಿ ಮುಚ್ಚಿಹೋಗಿತ್ತು. ಸೈಲೆನ್ಸರಿನ ಒಳಗಿನ ತಗಡು ತುಕ್ಕು ಹಿಡಿದು ಕಳಚಿ ಹಾದಿಗೆ ಅಡ್ಡ ಬಿದ್ದಿತ್ತು. ಏರಿಗೆ ಎಳೆಯದ ಗುಟ್ಟು ಇದೇ. ಕಂಪನಿಯದೇ ಹೊಸ ಫಿಲ್ಟರ್, ಕಂಪನಿಯದೇ ಸೈಲೆನ್ಸರ್ ಹಾಕಿ, ಕಾರ್ಬುರೇಟರ್ ತೊಳೆದು, ಟ್ಯಾಪೆಟ್ ಹೊಂದಿಸಿ ಕೊಟ್ಟರು. ಕೂಡಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮಗ ಅದರಲ್ಲಿ ಅಪ್ಪನನ್ನು ಹಿಂದೆ ಕೂಡಿಸಿಕೊಂಡು ಕಾತ್ರಜ ಘಾಟಿನವರೆಗೆ ಹೋಗಲೆಂದು ಬೆನ್ನಿಗೆ ಒರಗುವ ಮೆತ್ತೆಯ ಸೀಟು ಹಾಕಿಸಿದ. ಹೋಗಿ ಬಂದ ನಮ್ಮವರು ಮೊಣಕಾಲು ತಿಕ್ಕಿಕೊಳ್ಳುತ್ತ “ಮೂರನೇ ಗೇರಿನಾಗ ಏರತದ ನೋಡು” ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ನಿಮ್ಮ ಮನೆಯ ಹುಡುಗನೂ ಇಂಥ ಬೇಡಿಕೆ ಇಟ್ಟರೆ ಗ್ಯಾರೇಜಿಗೆ ಜೊತೆಯಲ್ಲಿ ಹೋಗಿ. ಹಳೆಯ ಫಿಲ್ಟರ್ ಬಿಚ್ಚಿ ತೋರಿಸಲು ಹೇಳಿ, ಪ್ಲಗ್ಗಿನ ಬಣ್ಣ ನೋಡಿ, ಹೊಸ ಸೈಲೆನ್ಸರಿಗೆ ಆರ್.ಟಿ.ಓ. ಒಪ್ಪುತ್ತದೆಯೇ ಎಂದು ಕೇಳಿ. ಬಿಬವೇವಾಡಿಗೆ ಬಂದರೆ ನಮ್ಮ ಮೇಸ್ತ್ರಿಯ ಗ್ಯಾರೇಜು ನಾನೇ ತೋರಿಸುತ್ತೇನೆ. ಕನ್ನಡದಲ್ಲೇ ಮಾತಾಡಿ, ಚಹಾ ಅವರೇ ತರಿಸುತ್ತಾರೆ.