ಅಪ್ಪನ ಜೀಪು, ಭಾಗ 3: ಪಕ್ಕದ ಮುಚ್ಚಳ

ಫೋಟೋದಲ್ಲಿ ಬಾನೆಟ್ ಎತ್ತರ ನೋಡಿ. ಇದು ಸಿಜೆ-3ಬಿ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ 1953ರ ಹೊತ್ತಿಗೆ ತಂದ ಮಾಡೆಲ್, ಆಮೇಲೆ ನಮ್ಮಲ್ಲಿ ಮಹೀಂದ್ರದವರು ಮಾಡಿದ್ರು. 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ ಹಳೇದಕ್ಕಿಂತ ಎತ್ತರ, ಅದಕ್ಕೇ ಬಾನೆಟ್ಟೂ ಎತ್ತರ.

ಅಪ್ಪ ಇದಕ್ಕೆ ಟ್ರೇಲರ್ ಕಟ್ಟಿ ಮೊಳಕಾಲ್ಮೂರು ಕಡೆಯಿಂದ ಚಳ್ಳಕೆರೆ ಎಣ್ಣೆ ಮಿಲ್ಲಿಗೆ ಶೇಂಗಾ ಹೊಡೀತಿದ್ರು. ಬೇಸಿಗೇಲಿ ಪೆಟ್ರೋಲ್ ಪೈಪಿನೊಳಗೇ ಕಾದು ಆವಿಯಾಗಿ ಗಾಡಿ ನಿಂತುಬಿಡೋದು. ಪಂಪಿಗೆ ಒದ್ದೆ ಬಟ್ಟೆ ಸುತ್ತೋದು ನನ್ನ ಕೆಲಸ.

ಹೋದ ವರ್ಷ "ಡೀಸೆಲ್ ಎಂಜಿನ್ ಕೂರಿಸೋಣ" ಅಂದೆ. ಎಷ್ಟೋ ಜೀಪುಗಳಿಗೆ ಹಂಗೇ ಮಾಡಿದ್ದಾರೆ. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ.

ಕೊನೆಗೆ ಹಳೇ ಎಂಜಿನ್ನನ್ನೇ ಬಿಚ್ಚಿದೆ. ರಿಂಗು, ಗ್ಯಾಸ್ಕೆಟ್ಟು, ಕಾರ್ಬೊರೇಟರ್ ಎಲ್ಲ ಆಯ್ತು. ಸ್ಟಾರ್ಟೂ ಆಯ್ತು, ಆದ್ರೆ ಟಕಟಕ ಸದ್ದು ಹೋಗಲಿಲ್ಲ. ಮೇಲಿನ ಕವರ್ ತೆಗೆದು ಎರಡು ಸಲ ಟ್ಯಾಪೆಟ್ ಸೆಟ್ ಮಾಡಿದೆ. ಊಹೂಂ.

ಕಟ್ಟೆ ಮೇಲಿಂದಲೇ ಅಪ್ಪ ಅಂದ್ರು: "ಮೇಲೆ ಇರೋವು ನಾಕೇ ಕಣಪ್ಪ. ಇನ್ನ ನಾಕು ಪಕ್ಕದಾಗೈತೆ."

ನಿಜ. ಈ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಗೆ ಬಿಡೋ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡೋದು ಕೆಳಗೆ ಬ್ಲಾಕಿನಲ್ಲಿ. ಅದಕ್ಕೆ ಪಕ್ಕದಲ್ಲಿ ಬೇರೆ ಮುಚ್ಚಳ.

ಫೀಲರ್ ಗೇಜು ಅವರ ಕೈಗೇ ಕೊಟ್ಟೆ. ಕಣ್ಣು ಸರಿಯಾಗಿ ಕಾಣಲ್ಲ, ಬೆರಳಲ್ಲೇ ನಾಲ್ಕೂ ಸೆಟ್ ಮಾಡಿದ್ರು. ಸದ್ದು ನಿಂತಿತು.

"ಬ್ರೇಕ್ ಮಾತ್ರ ಹೊಸಾದು ಹಾಕಿಸ್ತೀನಿ" ಅಂದೆ.

"ಹಾಕ್ಸು" ಅಂದ್ರು.

ಆ ಕತೆ ಮುಂದಿನ ಭಾಗದಲ್ಲಿ. ನಿಮ್ಮನೇಲೂ ಇಂಥ ಜೀಪಿದ್ರೆ, ಪಕ್ಕದ ಮುಚ್ಚಳ ಮರೀಬೇಡಿ.