ಫ್ಲೆಕ್ಸಿನ ಮೇಲಿನ ನಲವತ್ನಾಲ್ಕು ಜನ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸಲ್ಲಿ ರಿಲೀಸ್ ಇತ್ತು ಅಂತ ನೆಪ ಹೇಳಬಹುದು. ನಿಜ ಹೇಳಬೇಕಂದ್ರೆ ಶುದ್ಧ ಸೋಮಾರಿತನ. ಇವತ್ತು ಬರೀತಿರೋದು ಒಂಥರಾ ತಪ್ಪೊಪ್ಪಿಗೆ.

ನಮ್ಮೂರ ಶಾಲೆಯಲ್ಲಿ ಸೆಪ್ಟೆಂಬರ್ 23ಕ್ಕೆ ಒಂದು ಸಣ್ಣ ಕಾರ್ಯಕ್ರಮ ಮಾಡೋಣ ಅಂತ ಹೆಡ್‌ಮಾಸ್ತರು ಫೋನ್ ಮಾಡಿದ್ರು. 1918ರ ಆ ದಿನ ಪ್ಯಾಲೆಸ್ತೀನಿನ ಹೈಫಾ ಊರನ್ನು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಹೋಗಿ ಗೆದ್ದುಕೊಂಡದ್ದು ನಿಮಗೆ ಗೊತ್ತಿರಬಹುದು. "ನೀನು ಕಂಪ್ಯೂಟರ್ ಹುಡುಗ, ಒಂದು ಒಳ್ಳೆ ಫ್ಲೆಕ್ಸ್ ಮಾಡ್ಕೊಡಪ್ಪಾ" ಅಂದ್ರು. ಊರಿನವರು ಕೆಲಸ ಹೇಳಿದ್ರೆ ಇಲ್ಲ ಅನ್ನೋದು ಹೇಗೆ? ಒಂದು ರಾತ್ರಿ ಕೂತು, ನಾಲ್ಕೈದು ಕಡೆ ಓದಿ, ಕಾಪಿ ಹೊಡೆದು ಮಾಡಿದೆ. ಕುದುರೆ ಚಿತ್ರ, ತ್ರಿವರ್ಣ, ಮೈಸೂರು ಅರಸರ ಗಂಡಭೇರುಂಡ, ಕೆಳಗೆ ದಪ್ಪಕ್ಷರದಲ್ಲಿ ಮೂರು ಸಾಲು. ಜಗತ್ತಿನ ಕೊನೆಯ ಮಹಾ ಅಶ್ವದಾಳಿ. ಮೈಸೂರು, ಜೋಧಪುರ, ಹೈದರಾಬಾದ್ ವೀರರ ಶೌರ್ಯ. ಪ್ರಾಣ ತೆತ್ತ 44 ಯೋಧರಿಗೆ ನಮನ.

ಎರಡು ದಿನ ಮುಂಚೆಯೇ ಶಾಲೆ ಗೇಟಿಗೆ ಕಟ್ಟಿ ಆಯ್ತು. ನಾನೂ ಬೆಂಗಳೂರಿಂದ ಊರಿಗೆ ಬಂದಿದ್ದೆ. ಸಂಜೆ ಮಿಲ್ಟ್ರಿ ಮಾವ ಅದರ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ರು. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಊರಿಗೆಲ್ಲ ಮಾವನೇ.

"ಚೆನ್ನಾಗೈತೆ ಮಗಾ. ನಲವತ್ನಾಲ್ಕು ಜನ ಅಂದ್ರೆ ಯಾರ್ಯಾರು?"

"ಅಂದ್ರೆ ಮಾವ?"

"ಹೆಸರು ಗೊತ್ತಾ ಅಂತ. ಒಂದೆರಡಾದ್ರೂ?"

ನನಗೆ ಗೊತ್ತಿದ್ದದ್ದು ಜೋಧಪುರದ ಮೇಜರ್ ದಳಪತ್ ಸಿಂಗ್ ಒಬ್ಬರದು ಮಾತ್ರ. ಹೇಳಿದೆ. "ಸರಿ, ಇನ್ನು ನಲವತ್ಮೂರು" ಅಂತ ಹೇಳಿ ಹೊರಟೇಹೋದ್ರು.

ಬೈದಿದ್ರೆ ಮರೆತುಬಿಡ್ತಿದ್ದೆ. ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಪತ್ರಿಕೆಯ ಬರಹಗಳನ್ನು ಬಿಟ್ಟು ಯುದ್ಧದ ಇತಿಹಾಸವನ್ನೇ ಓದಿದೆ. ಓದ್ತಾ ಹೋದ ಹಾಗೆ ನನ್ನ ಮೂರು ಸಾಲೂ ಒಂದೊಂದಾಗಿ ಉದುರಿದವು.

ಮೊದಲು ಹೈದರಾಬಾದ್. ಆ ಬ್ರಿಗೇಡಿನಲ್ಲಿ (15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್) ಮೂರು ಸಂಸ್ಥಾನಗಳ ರೆಜಿಮೆಂಟ್ ಇದ್ದದ್ದು ನಿಜ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆ ಆ ಮೂರಕ್ಕೇ ಸೇರಿದ್ದು. ಆ ಚೌಕಕ್ಕೆ 2018ರಲ್ಲಿ ಹೈಫಾ ಹೆಸರನ್ನೂ ಸೇರಿಸಿದ್ರು. ಹಾಗಾಗಿ ಮೂವರೂ ಹೈಫಾ ಮೇಲೆ ನುಗ್ಗಿದ್ರು ಅಂತ ನಾವು ಅಂದುಕೊಳ್ತೀವಿ. ಆದ್ರೆ ಆ ದಿನ ಹೈದರಾಬಾದಿನವರು ದಾಳಿಯಲ್ಲಿ ಇರಲಿಲ್ಲ. ಅವರು ದುಡಿದದ್ದು, ಸತ್ತದ್ದು ಆ ಯುದ್ಧದ ಬೇರೆ ಕಡೆಗಳಲ್ಲಿ. ಅದನ್ನು ಹೇಳೋದು ಬಿಟ್ಟು ಇಲ್ಲದ ಕಡೆ ತಂದು ನಿಲ್ಲಿಸಿದ್ದೆ.

ಎರಡನೇದು 44. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್, ಪಕ್ಕದಲ್ಲಿ ಕುದುರೆ ಹೂತುಹೋಗುವಂಥ ಕೆಸರಿನ ಹೊಳೆ. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಹೊಳೆಗೂ ಬೆಟ್ಟಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ಭರ್ಜಿ ಹಿಡಿದು ನುಗ್ಗಿದ್ರು. ಸಿಕ್ಕ ಸೆರೆಯಾಳುಗಳು 1,300ಕ್ಕೂ ಹೆಚ್ಚು. ಸತ್ತವರು? ಹತ್ತರ ಒಳಗೆ. ಗಾಯಗೊಂಡವರು 34. ಸತ್ತ ಕುದುರೆಗಳೇ 60. ಗಾಯಾಳುಗಳನ್ನೂ ಯಾರೋ ಸತ್ತವರ ಲೆಕ್ಕಕ್ಕೆ ಸೇರಿಸಿ, ಅದೇ ಕೈಯಿಂದ ಕೈಗೆ ಬಂದಿದೆ ಅಂತ ನನ್ನ ಗುಮಾನಿ. ನಾವು ದಿನಾ ಆಫೀಸಲ್ಲಿ ಮಾಡೋದೂ ಅದೇ ಅಲ್ವಾ? ಯಾರೋ ಬರೆದ ಕೋಡು, ಓಡ್ತಾ ಇದೆ, ಮುಟ್ಟೋದ್ಯಾಕೆ :-)

ಮೂರನೇದು, 'ಕೊನೆಯ ದಾಳಿ'. ನನ್ನ ನಿದ್ದೆ ಕೆಡಿಸಿದ್ದು ಇದು.

ಹೈಫಾ ಆಗಿ ಒಂದು ತಿಂಗಳಿಗೆ, 1918ರ ಅಕ್ಟೋಬರ್ 26ರಂದು, ಇದೇ ಮೈಸೂರು, ಇದೇ ಜೋಧಪುರ ಲ್ಯಾನ್ಸರ್ಸ್ ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್ ಅನ್ನೋ ಹಳ್ಳಿಯ ಬಳಿ ಮತ್ತೊಮ್ಮೆ ಕುದುರೆ ಮೇಲೆ ನುಗ್ಗಿದ್ರು. ಎದುರಿಗಿದ್ದ ತುರ್ಕರ ಪಡೆ ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ದಾಳಿ ಫಲಿಸಲಿಲ್ಲ. ಆ ದಿನ ಸತ್ತವರು 20ಕ್ಕೂ ಹೆಚ್ಚು, ಗಾಯಗೊಂಡವರು 50ಕ್ಕೂ ಹೆಚ್ಚು. ಅಕ್ಟೋಬರ್ 30ಕ್ಕೆ ತುರ್ಕರ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು. ಅಂದ್ರೆ ಇನ್ನು ನಾಲ್ಕೇ ದಿನ ಉಳಿದಿದ್ರೆ ಅವರು ಆ ಕದನವಿರಾಮವನ್ನು ನೋಡ್ತಿದ್ರು.

ಹೈಫಾ ದಿನ ಇದೆ. ಹರಿತಾನ್ ದಿನ ಇಲ್ಲ. ಗೆದ್ದ ಕಡೆ ಸತ್ತವರಿಗೆ ಫ್ಲೆಕ್ಸು, ಸೋತ ಕಡೆ ಸತ್ತವರಿಗೆ ಏನೂ ಇಲ್ಲ. 'ಕೊನೆಯ ದಾಳಿ' ಅಂತ ನಾನು ಬರೆದ ಒಂದು ಸಾಲು ಆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಇಲ್ಲವಾಗಿಸಿತ್ತು. ನಾನು ಬೇಕಂತ ಮಾಡಿದ್ದಲ್ಲ, ಆದ್ರೆ ಅವರಿಗೆ ಅದರಿಂದ ಏನು ವ್ಯತ್ಯಾಸ?

ಬೆಳಿಗ್ಗೆ ಹೆಡ್‌ಮಾಸ್ತರ ಹತ್ರ ಹೋಗಿ ತಿದ್ದಬೇಕು ಅಂದೆ. ಅವರಿಗೆ ಕಸಿವಿಸಿ. "ಮಕ್ಕಳು ಭಾಷಣ ಬಾಯಿಪಾಠ ಮಾಡವ್ರೆ. ನಲವತ್ನಾಲ್ಕು ಅಂದಿದ್ದು ಈಗ ಹತ್ತರೊಳಗೆ ಅಂದ್ರೆ, ಇಷ್ಟೇನಾ ಅನ್ಸಲ್ವಾ?" ಅಂದ್ರು. ಆ ಮಾತನ್ನು ಸುಮ್ನೆ ತಳ್ಳಿಹಾಕೋಕೆ ನನಗೂ ಆಗಲಿಲ್ಲ. ಸತ್ತವರ ಸಂಖ್ಯೆ ಇಳಿಸಿದ್ರೆ ಅವಮಾನ ಮಾಡಿದ ಹಾಗೆ ಅನ್ನೋ ಭಾವನೆ ನನ್ನಲ್ಲೂ ಇತ್ತು.

ಮಾವ ಅಲ್ಲೇ ಕಟ್ಟೆ ಮೇಲೆ ಕೂತಿದ್ರು. ಅವರು ವಾದ ಮಾಡಲಿಲ್ಲ, ಒಂದು ಕಥೆ ಹೇಳಿದ್ರು. ಅವರ ಜೊತೆ ಭರ್ತಿ ಆಗಿದ್ದ ಪಕ್ಕದೂರಿನ ಹುಡುಗ, 'ಶಿವ' ಅಂತ ಶುರುವಾಗೋ ಹೆಸರು, ಕಾರ್ಗಿಲ್ ಸಮಯದಲ್ಲಿ ನೆಲಬಾಂಬಿಗೆ ಸಿಕ್ಕಿ ಹೋದ. ಆ ಊರಿನ ಬಸ್ ಸ್ಟಾಪಿಗೆ ಅವನ ಹೆಸರಿಟ್ರು. ಪೇಂಟರ್ ಬರೀವಾಗ ಗುಡಿಸು ಬಿಟ್ಟುಬಿಟ್ಟ. 'ಶಿವ' ಹೋಗಿ 'ಶವ' ಆಯ್ತು.

"ಅವನವ್ವ ಅಲ್ಲೇ ಹೂ ಮಾರ್ತಿತ್ತು. ಓದಕ್ಕೆ ಬರ್ತಿರ್ಲಿಲ್ಲ, ಮಗನ ಹೆಸರು ಅಂತ ದಿನಾ ಬೆಳಿಗ್ಗೆ ಒಂದು ಮೊಳ ಹಾಕೋದು. ಯಾವನೋ ಇಸ್ಕೂಲ್ ಹುಡ್ಗ ಜೋರಾಗಿ ಓದ್ಬುಟ್ಟ. ಅವತ್ತಿಂದ ಹಾಕ್ಲಿಲ್ಲ."

ರಜಕ್ಕೆ ಬಂದಾಗ ಮಾವನೇ ಡಬ್ಬಿ ಬ್ರಷ್ಷು ತಗೊಂಡು ಹೋಗಿ ಗುಡಿಸು ಎಳೆದ್ರಂತೆ. ಹೆಡ್‌ಮಾಸ್ತರು ಆಮೇಲೆ ಮಾತಾಡಲಿಲ್ಲ. ಬಿಳಿ ಡ್ರಾಯಿಂಗ್ ಶೀಟು ತರಿಸಿಕೊಟ್ರು.

ಇದು ನಮ್ಮೂರ ಗೇಟಿನ ಕಥೆ ಮಾತ್ರ ಅಲ್ಲ. ಇರಾಕಿನ ಬಸ್ರಾದಲ್ಲಿ ಮೊದಲ ಮಹಾಯುದ್ಧದ ದೊಡ್ಡ ಸ್ಮಾರಕ ಇದೆ, 40,000ಕ್ಕೂ ಹೆಚ್ಚು ಜನರದ್ದು. ಅಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಕೆತ್ತಿದ್ದಾರೆ. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು ಬರೆದು, ಕೆಳಗೆ ಇಷ್ಟು ಜನ ಅಂತ ಒಂದು ಅಂಕಿ. ಅಷ್ಟೆ. ಆ ಸ್ಮಾರಕ ನೋಡಿಕೊಳ್ಳೋದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. 1917ರಲ್ಲಿ ಶುರುವಾದ ಈ ಸಂಸ್ಥೆಯ ಮೂಲ ತತ್ವವೇ, ಸತ್ತ ಪ್ರತಿಯೊಬ್ಬನಿಗೂ ಹೆಸರಿಟ್ಟು ನೆನಪು, ಅಂತಸ್ತು ಜನಾಂಗ ನೋಡುವಂತಿಲ್ಲ ಅನ್ನೋದು. ನೂರು ವರ್ಷ ಆದಮೇಲೆ, 2021ರ ಏಪ್ರಿಲ್‌ನಲ್ಲಿ, ತಾನೇ ನೇಮಿಸಿದ ಸಮಿತಿಯ ವರದಿ ಪ್ರಕಟಿಸಿ ಕ್ಷಮೆ ಕೇಳಿತು. ಭಾರತ, ಆಫ್ರಿಕಾ ಮೊದಲಾದ ಕಡೆಯ 45,000ದಿಂದ 54,000 ಜನರನ್ನು ಅಸಮಾನವಾಗಿ ನೆನೆಯಲಾಗಿದೆ. ಕಡಿಮೆ ಅಂದ್ರೂ 1,16,000 ಜನ, ಬಹುಶಃ 3,50,000ದವರೆಗೂ, ಹೆಸರಿನಿಂದ ನೆನೆದಿಲ್ಲ ಅಥವಾ ನೆನೆದೇ ಇಲ್ಲ. ಹೈಫಾದಲ್ಲೂ ತಿದ್ದುಪಡಿ ನಡೆದಿದೆ. ಊರನ್ನು ಬಿಡಿಸಿದ್ದು ಬ್ರಿಟಿಷರು ಅಂತ ಇದ್ದ ಶಾಲೆ ಪಾಠವನ್ನು ಭಾರತೀಯರು ಅಂತ ಬದಲಾಯಿಸ್ತಿದ್ದೀವಿ ಅಂತ 2025ರಲ್ಲಿ ಅಲ್ಲಿನ ಮೇಯರ್ ಹೇಳಿದ್ರು. ಅವರು ಅಷ್ಟು ದೂರದಲ್ಲಿ ಕೂತು ಪುಸ್ತಕ ತಿದ್ದುವಾಗ ನಾನು ಒಂದು ಫ್ಲೆಕ್ಸ್ ತಿದ್ದೋಕೆ ನಾಚಿಕೆ ಪಟ್ಕೊಂಡು ಕೂತಿದ್ದೆ!

ತಿದ್ದಿದ್ದು ನೋಡೋಕೆ ಚೆನ್ನಾಗೇನೂ ಇರಲಿಲ್ಲ ಬಿಡಿ. ಹೊಳೆಯೋ ಫ್ಲೆಕ್ಸ್ ಮೇಲೆ ಬಿಳಿ ಕಾಗದ, ಅಂಟು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಹೈದರಾಬಾದ್ ತೆಗೆದೆ. ಸಂಖ್ಯೆ ತಿದ್ದಿದೆ. ಹರಿತಾನ್, ಅಕ್ಟೋಬರ್ 26, ಅಂತ ಮಾರ್ಕರಿನಲ್ಲಿ ಬರೆದೆ. ಭಾಷಣದ ಹುಡುಗಿ ಒಬ್ಬಳು ಹಳೇ ಪಾಠವನ್ನೇ ಒಪ್ಪಿಸಿ ನಲವತ್ನಾಲ್ಕು ಅಂದುಬಿಟ್ಟಳು. ಅರ್ಧಕ್ಕೆ ನಿಂತು, ನನ್ನ ಕಡೆ ನೋಡಿ, "ಅಲ್ಲ ಸಾರ್, ಹತ್ತರೊಳಗೆ" ಅಂತ ತಾನೇ ತಿದ್ದಿಕೊಂಡಳು. ಎಲ್ರೂ ನಕ್ರು. ಮಾವ ನಗಲಿಲ್ಲ, ಚಪ್ಪಾಳೆ ತಟ್ಟಿದ್ರು.

ಎಲ್ಲ ಮುಗಿದ ಮೇಲೆ ಮತ್ತೆ ಫ್ಲೆಕ್ಸ್ ಮುಂದೆ ಬಂದು ಕನ್ನಡಕ ಏರಿಸಿ ಒಂದೊಂದೇ ಸಾಲು ಬೆರಳಿಟ್ಟು ಓದಿದ್ರು. ದಳಪತ್ ಸಿಂಗ್ ಹೆಸರಿನ ಕೆಳಗೆ ಅರ್ಧ ಶೀಟು ಖಾಲಿ ಬಿಟ್ಟಿದ್ದೆ.

"ಇದ್ಯಾಕೆ ಖಾಲಿ?"

"ಮಿಕ್ಕವರ ಹೆಸರಿಗೆ ಮಾವ. ಹುಡುಕ್ತಾ ಇದೀನಿ."

"ಗುಡಿಸು ನೋಡ್ಕೊಂಡ್ ಬರಿ" ಅಂದ್ರು.