ಒಂದೇ ಮೊಳೆಗೆ ನೇತುಬಿದ್ದ ಮಳೆಗಾಲಗಳು

ಕಾಡುಗೋಡಿಯಲ್ಲಿ ಮೆಟ್ರೊ ಇಳಿದು ಮಾಲೂರು ಕಡೆ ಹೊರಟರೆ ಗಾಜಿನ ಕಟ್ಟಡಗಳು ಹಿಂದಾಗುತ್ತವೆ, ನೀಲಗಿರಿ ತೋಪುಗಳು ಎದುರಾಗುತ್ತವೆ, ಆಮೇಲೆ ಉತ್ತು ಬಿಟ್ಟ ಕೆಮ್ಮಣ್ಣಿನ ಹೊಲಗಳು. ಪುನರ್ವಸು ಮಳೆಯ ಕಾಲ, ಮೋಡವಿತ್ತು, ಮಳೆಯಿರಲಿಲ್ಲ. ನಾನು ಹೊರಟಿದ್ದು ಅನುಗೊಂಡನಹಳ್ಳಿಗೆ, ಅಲ್ಲಿ ನೋಡಬೇಕಿದ್ದದ್ದು ಒಂದು ಮಳೆಮಾಪಕ. ಪಕ್ಕದಲ್ಲಿ ಕೂತಿದ್ದವರು, "ಅದನ್ನ ನೋಡೋಕೆ ಬೆಂಗ್ಳೂರಿಂದ ಬಂದ್ರಾ ಸಾರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಯತ್ತ ತಿರುಗಿದರು.

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಅನುಗೊಂಡನಹಳ್ಳಿ ಒಂದು. ನಮ್ಮ ರಾಜ್ಯ ಮಳೆಯ ಲೆಕ್ಕವನ್ನು ಜಿಲ್ಲೆಗೆ, ತಾಲ್ಲೂಕಿಗೆ ನಿಲ್ಲಿಸದೆ ಹೋಬಳಿಗೂ ಗ್ರಾಮ ಪಂಚಾಯಿತಿಗೂ ಇಳಿಸಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಈಗ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಕೆಲಸವಿದು. ಅದರ 6,000ಕ್ಕೂ ಹೆಚ್ಚು ಮಳೆಮಾಪಕಗಳು ಕರ್ನಾಟಕದುದ್ದಕ್ಕೂ ನಿಂತಿವೆ. ನೋಡಲು ಏನೇನೂ ಇಲ್ಲ: ಬೇಲಿಯೊಳಗೊಂದು ಕಂಬ, ಅಂಗೈಯಗಲದ ಸೌರ ಫಲಕ, ಬಾಯಿ ತೆರೆದ ಡಬ್ಬ. ಒಳಗೆ ಏತದ ಹಾಗೆ ಆಡುವ ಪುಟ್ಟ ಜೋಡಿ ಬಟ್ಟಲು. ಒಂದು ಬಟ್ಟಲು ತುಂಬಿದೊಡನೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ, ಯಂತ್ರ ಒಂದು ಎಣಿಸುತ್ತದೆ. 15 ನಿಮಿಷಕ್ಕೊಮ್ಮೆಯ ಲೆಕ್ಕ ಮೊಬೈಲ್ ಜಾಲದ ಮೂಲಕ ಯಲಹಂಕ ಸೇರುತ್ತದೆ. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಹವಾಮಾನ ವೀಕ್ಷಣೆಗೆ ಶಿಸ್ತು ತಂದಾಗ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಹೋಗಿ ಅಳೆದು ಬರೆಯಬೇಕಿತ್ತು.

ಬೇಲಿಗೆ ಕೈಯಿಟ್ಟು ನಿಂತವನಿಗೆ ಬೆರಗಾದದ್ದು ಡಬ್ಬದಿಂದಲ್ಲ, ಇಂಥ ಅಳತೆಗಳು ಒಟ್ಟಾಗಿ ಸೇರಿದಾಗ ಏನಾಗಿವೆ ಎಂಬುದರಿಂದ. 2023ರಲ್ಲಿ ಗೂಗಲ್ ಡೀಪ್‌ಮೈಂಡ್ ಗ್ರಾಫ್‌ಕಾಸ್ಟ್ ಎಂಬ ಮಾದರಿಯನ್ನು ಪ್ರಕಟಿಸಿತು. ಗಾಳಿ ಹೇಗೆ ಹರಿಯುತ್ತದೆ, ಹಬೆ ಹೇಗೆ ಹನಿಯಾಗುತ್ತದೆ ಎಂಬ ಭೌತಶಾಸ್ತ್ರದ ಸಮೀಕರಣಗಳನ್ನು ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಉಪಗ್ರಹ, ಬಲೂನು, ಹಡಗು, ನೆಲದ ಕೇಂದ್ರಗಳ ಅಳತೆಯಿಂದ ಹೆಣೆದ 39 ವರ್ಷಗಳ ಹವೆಯ ದಾಖಲೆಯನ್ನು ಓದಿಸಿದರು, ಅಷ್ಟೆ. ಅದು ಇಡೀ ಭೂಮಿಯ ಮುಂದಿನ ಹತ್ತು ದಿನದ ಹವೆಯನ್ನು ಒಂದು ನಿಮಿಷದೊಳಗೆ ಹೇಳಿಬಿಡುತ್ತದೆ, ದೊಡ್ಡ ಸೂಪರ್ ಕಂಪ್ಯೂಟರುಗಳಿಗೆ ಸರಿಸಮನಾಗಿ, ಬಹಳ ಕಡೆ ಮಿಗಿಲಾಗಿ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇದೇ ಜಾತಿಯ ಮಾದರಿಗಳನ್ನೂ ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆಯನ್ನೂ ಬೆಸೆದು, 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಮಳೆ ಎಂದು ಹಿಡಿಯುತ್ತದೆಂಬ ಸಂದೇಶ ಕಳಿಸಿತು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಆಮೇಲೆ ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ಆ ನಿಲುಗಡೆಯನ್ನೂ ಸಂದೇಶಗಳು ಮುಂಚೆಯೇ ಹೇಳಿದ್ದವು.

ಆದರೂ ಗ್ರಾಫ್‌ಕಾಸ್ಟ್ ಕಾಣುವ ಭೂಮಿ ಚೌಕಚೌಕವಾಗಿದೆ. ಒಂದು ಚೌಕದ ಬದಿ ಸುಮಾರು 28 ಕಿ.ಮೀ. ಅಂಥ ಒಂದರಲ್ಲಿ ಇಡೀ ಅನುಗೊಂಡನಹಳ್ಳಿ ಹೋಬಳಿ ಮುಳುಗಿ ಇನ್ನೂ ಜಾಗ ಉಳಿಯುತ್ತದೆ. ಇಲ್ಲಿಯ ಗುಡುಗು ಮಳೆಯೋ, ಕೆರೆಯ ಈ ದಂಡೆ ನೆನೆಸಿ ಆ ದಂಡೆಯನ್ನು ಒಣಗಿಸಿ ಹೋಗುವಂಥದ್ದು.

ಊರಾಚೆ ಹೊಲದ ಬದುವಿನಲ್ಲಿ ಒಬ್ಬ ತಾತ ಸಿಕ್ಕರು. ರಾಗಿ ಹಾಕಬೇಕು, ಹದವಿಲ್ಲ. ಆರಿದ್ರೆಯಲ್ಲಿ ಬಿದ್ದಿದ್ದರೆ ಎಂ.ಆರ್. 6 ಹಾಕುತ್ತಿದ್ದರಂತೆ, ಅದು ನಿಧಾನದ ತಳಿ. ಪುಷ್ಯಕ್ಕೆ ಹೋದರೆ ಜಿಪಿಯು 28, ಇನ್ನೂ ತಡವಾದರೆ ಬೇಗ ಕೊಯ್ಲಿಗೆ ಬರುವ ಜಿಪಿಯು 48. ಯಾವುದಕ್ಕೂ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇದ್ದೇ ಇರಬೇಕು. ಒಂದು ಕೈಕೊಟ್ಟರೆ ಇನ್ನೊಂದು. "ಮಳೆ ಬತ್ತದೆ ಅಂತ ಎಲ್ರೂ ಹೇಳ್ತಾರೆ. ಯಾವ ಬೀಜ ತರ್ಲಿ ಅಂದ್ರೆ ಮಾತೇ ಇಲ್ಲ" ಎಂದರು. ಕೋಟಿಗಟ್ಟಲೆ ಸಂದೇಶಗಳ ಕೊರತೆಯನ್ನು ಇಷ್ಟು ಚೊಕ್ಕವಾಗಿ ಯಾವ ವರದಿಯಲ್ಲೂ ನಾನು ಓದಿಲ್ಲ.

ನೀರು ಕುಡಿಯಲು ಅವರ ಮನೆಗೆ ಹೋದಾಗ, ಗೋಡೆಯ ಮೇಲೆ, ಒಂದೇ ಮೊಳೆಗೆ, ಹಲವು ವರ್ಷಗಳ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತುಬಿದ್ದಿದ್ದವು. ಡೇರಿಗೆ ಹಾಕಿದ ಹಾಲಿನ ಲೀಟರನ್ನು ಅಜ್ಜಿ ತಾರೀಖಿನ ಮನೆಯಲ್ಲಿ ಬರೆದಿದ್ದರು. ಅದರ ಪಕ್ಕ ಕೆಲವು ಕಡೆ ಒಂದು ಸೊನ್ನೆ, ಕೆಲವು ಕಡೆ ಎರಡು, ಅಲ್ಲಲ್ಲಿ ಕತ್ತರಿ ಗುರುತು.

"ಇದೇನಜ್ಜಿ?"

"ಸೊನ್ನೆ ಮಳೆ. ಎಲ್ಡು ಸೊನ್ನೆ ಹದದ ಮಳೆ, ಕೂರಿಗೆ ಕಟ್ಬೋದು."

"ಕತ್ರಿ?"

"ಬತ್ತದೆ ಅಂದ್ಕೊಂಡಿದ್ದೆ, ಬರ್ಲಿಲ್ಲ."

ಮೈ ಜುಮ್ಮೆಂದಿತು. ಫಿಲಿಪ್ ಟೆಟ್ಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 284 ರಾಜಕೀಯ ತಜ್ಞರ ಭವಿಷ್ಯದ ಮಾತುಗಳನ್ನು ಸುಮಾರು ಇಪ್ಪತ್ತು ವರ್ಷ ಬರೆದಿಟ್ಟು, ನಡೆದದ್ದರ ಜೊತೆ ತಾಳೆ ನೋಡಿ 2005ರಲ್ಲಿ ಪುಸ್ತಕ ಮಾಡಿದರು. ಹೆಚ್ಚಿನವರ ಮಾತು ಕುರುಡು ಊಹೆಗಿಂತ ಅಂಥಾ ಮೇಲೇನಿರಲಿಲ್ಲ. ಹೆಸರು ದೊಡ್ಡದಾದಷ್ಟೂ ಗುರಿ ಕೆಟ್ಟಿತ್ತು. ತಾಳೆ ನೋಡುವ ಸೂತ್ರ ಮಾತ್ರ ಹುಟ್ಟಿದ್ದು ಮಳೆಯವರಲ್ಲೇ: ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಿಯರ್ 1950ರಲ್ಲಿ ಕೊಟ್ಟದ್ದು. ಎಷ್ಟು ಸಂಭವ ಎಂದೆಯೋ, ಏನಾಯಿತೋ, ಆ ಅಂತರವನ್ನು ವರ್ಗ ಮಾಡಿ ಸರಾಸರಿ ತೆಗೆ. ಸಣ್ಣದಾದಷ್ಟೂ ನೀನು ನಿಪುಣ. ಟಿವಿಯಲ್ಲಿ ಚುನಾವಣೆ ಫಲಿತಾಂಶ ಹೇಳುವ ನಮ್ಮ ಪಂಡಿತರು ತಮ್ಮ ಕತ್ತರಿ ಗುರುತುಗಳನ್ನು ಎಲ್ಲಿ ಇಟ್ಟಿದ್ದಾರೋ! ಇಲ್ಲಿ ಅಜ್ಜಿ ಕೇಳುವವರಿಲ್ಲದೆಯೇ ಹಾಕಿಕೊಂಡು ಬಂದಿದ್ದರು. ಎರಡು ಸೊನ್ನೆಯ ಸಂಗತಿಯಂತೂ ಆ ಡಬ್ಬಕ್ಕೂ ತಿಳಿಯದು. ಎಷ್ಟು ಬಿತ್ತು ಎಂದು ಅದಕ್ಕೆ ಗೊತ್ತು, ಬಿತ್ತಬಹುದೇ ಎಂದು ಗೊತ್ತಿಲ್ಲ.

ಫೋಟೊ ತೆಗೆದುಕೊಳ್ಳಲೇ ಎಂದೆ. "ತಕ್ಕೊಳಪ್ಪ. ಮಧ್ಯೆ ಒಂದೆಲ್ಡು ವರ್ಸದ್ದು ಇಲ್ಲ, ಮೊಮ್ಮಗ ಸ್ಕೂಲ್ ಪುಸ್ತಕಕ್ಕೆ ಬೈಂಡು ಹಾಕ್ಬಿಟ್ಟ." ಪುಟಗಳನ್ನು ತಿರುವಿ ಹಿಡಿದುಕೊಂಡು ನಿಂತರು, ನಾನು ಕ್ಲಿಕ್ಕಿಸುತ್ತ ಹೋದೆ.

"ನಾಳೆ ಮಳೆ ಎಷ್ಟಾಣೆ ಅಜ್ಜಿ?"

ಬಾಗಿಲಿಗೆ ಬಂದು ಮೂಡಲ ದಿಕ್ಕು ನೋಡಿದರು. "ನಾಲ್ಕಾಣೆ."

ಅಂದರೆ ನೂರಕ್ಕೆ 25. ನನ್ನ ಮೊಬೈಲು 40 ಎನ್ನುತ್ತಿತ್ತು. ಎರಡನ್ನೂ ಬರೆದುಕೊಂಡೆ.